‘ಲೆಕ್ಕ ನನ್ನ ತಲೆಗೆ ಹತ್ತಲ್ಲ’: ಮಕ್ಕಳಿಗೆ ಈ ನಂಬಿಕೆ ಎಲ್ಲಿಂದ ಬರುತ್ತದೆ, ಬಿಡಿಸುವುದು ಹೇಗೆ?

ಒಂಬತ್ತು ವರ್ಷದ ಮಗು ಲೆಕ್ಕದ ಪೇಪರನ್ನು ಬ್ಯಾಗಿನ ತಳಕ್ಕೆ ತುರುಕಿಕೊಂಡು ಮನೆಗೆ ಬರುತ್ತದೆ. ಕೇಳಿದರೆ, "ಲೆಕ್ಕ ನನ್ನ ತಲೆಗೆ ಹತ್ತಲ್ಲ ಅಮ್ಮ" ಅನ್ನುತ್ತದೆ. ಇದು ಮಗುವಿನ ಸ್ವಂತ ಮಾತಲ್ಲ. ಯಾರೋ ದೊಡ್ಡವರು ಆಡಿದ್ದು, ಎಲ್ಲೋ ಕಿವಿಗೆ ಬಿದ್ದದ್ದು, ಈಗ ಅದರ ಬಾಯಲ್ಲಿ ಬಂದಿದೆ. ಮಗುವಿನ ಒಳಗೆ ಏನಿದೆ, ಏನಿಲ್ಲ ಎಂದು ಹೇಳುವುದು ಕಷ್ಟ. ಈ ಮಾತು ಹೊರಗಿನಿಂದ ಬಂದದ್ದು ಎಂದು ಮಾತ್ರ ಧೈರ್ಯವಾಗಿ ಹೇಳಬಹುದು.

ವಿದ್ಯೆ ಯಾರಿಗೆ ಹತ್ತುತ್ತದೆ, ಯಾಕೆ ಹತ್ತುತ್ತದೆ ಎನ್ನುವುದಕ್ಕೆ ಪ್ರತಿ ಸಮಾಜದಲ್ಲೂ ಒಂದು ಸಿದ್ಧ ಉತ್ತರ ಇರುತ್ತದೆ. ಕೆಲವು ಕಡೆ ‘ಹುಟ್ಟಿನಿಂದ ಬಂದದ್ದು’, ಕೆಲವು ಕಡೆ ‘ಬೆವರಿನಿಂದ ಬಂದದ್ದು’, ಇನ್ನು ಕೆಲವು ಕಡೆ ‘ಹಣೆಬರಹ’. ಮಕ್ಕಳು ಆ ಉತ್ತರವನ್ನು ಮಾತು ಕಲಿತ ಹಾಗೇ ಕಲಿಯುತ್ತಾರೆ, ಯಾರೂ ಕೂರಿಸಿ ಹೇಳಿಕೊಡುವುದಿಲ್ಲ. ಹಾಗಾಗಿ ಅದನ್ನು ತಿದ್ದುವ ಕೆಲಸವೂ ಒಂದು ಭಾಷಣದಿಂದ ಆಗುವಂಥದ್ದಲ್ಲ. ದಿನದ ಮಾತು, ದಿನದ ನಡೆ ಬದಲಾಗಬೇಕು. ಅದನ್ನು ಮನೆಯಲ್ಲಿ, ತರಗತಿಯಲ್ಲಿ ಹೇಗೆ ಮಾಡಬಹುದು ಎಂದು ಹಂತ ಹಂತವಾಗಿ ಬರೆದಿದ್ದೇನೆ.

ಹಂತ 1: ಒಂದು ವಾರ ಸುಮ್ನೆ ಕೇಳಿಸಿಕೊಳ್ಳಿ

ಏನನ್ನೂ ಬದಲಿಸಲು ಹೋಗಬೇಡಿ. ಒಂದು ಸಣ್ಣ ನೋಟ್‌ಬುಕ್ ಇಟ್ಟುಕೊಳ್ಳಿ. ಮಾರ್ಕ್ಸ್, ಪರೀಕ್ಷೆ, ಓದು ಇವುಗಳ ಬಗ್ಗೆ ನಿಮ್ಮ ಸುತ್ತ ಯಾರು ಏನು ಹೇಳಿದರೂ ಅದೇ ಮಾತಿನಲ್ಲಿ ಬರೆದುಕೊಳ್ಳಿ. ನೀವು ಆಡಿದ್ದನ್ನೂ ಬಿಡಬೇಡಿ. "ಅವನಿಗೆ ತಲೆ ಇದೆ, ಓದಲ್ಲ ಅಷ್ಟೇ." "ಇವಳು ಅವರ ಅತ್ತೆ ಥರ, ಲೆಕ್ಕದಲ್ಲಿ ಮೊದಲಿಂದಲೂ ಚುರುಕು." "ಈ ಸಲ ಪೇಪರ್ ಟಫ್ ಇತ್ತು." "ನಮ್ಮ ಮನೆಯಲ್ಲಿ ಯಾರಿಗೂ ಇಂಗ್ಲಿಷ್ ಬರಲ್ಲ, ಇವನಿಗೆ ಎಲ್ಲಿಂದ ಬರಬೇಕು?"

ವಾರದ ಕೊನೆಗೆ ಪ್ರತಿ ವಾಕ್ಯದ ಪಕ್ಕದಲ್ಲಿ ಅದು ಹೇಳುವ ಕಾರಣ ಬರೆಯಿರಿ. ಬರ್ನಾರ್ಡ್ ವೈನರ್ ಎಂಬ ಮನಶ್ಶಾಸ್ತ್ರಜ್ಞ 1970ರ ದಶಕದಲ್ಲಿ ಇಂಥ ಕಾರಣಗಳನ್ನು ನಾಲ್ಕು ಗುಂಪು ಮಾಡಿದರು: ಸಾಮರ್ಥ್ಯ, ಶ್ರಮ, ಕೆಲಸದ ಕಷ್ಟ, ಅದೃಷ್ಟ. ಆಮೇಲೆ ಎರಡು ಪ್ರಶ್ನೆ ಕೇಳಿಕೊಳ್ಳಿ. ಈ ಕಾರಣ ನಾಳೆ ಬದಲಾಗಬಹುದಾ? ಬದಲಿಸುವುದು ಮಗುವಿನ ಕೈಯಲ್ಲಿದೆಯಾ? ಎರಡಕ್ಕೂ ‘ಇಲ್ಲ’ ಎನ್ನುವ ವಾಕ್ಯಗಳು ಎಷ್ಟಿವೆ ಎಂದು ಎಣಿಸಿ. ‘ತಲೆ ಇದೆ’ ಎನ್ನುವ ಹೊಗಳಿಕೆಯೂ ಆ ಪಟ್ಟಿಯಲ್ಲೇ ಬಂದು ಕೂರುತ್ತದೆ. ಹೆಚ್ಚಿನವರಿಗೆ ಆಶ್ಚರ್ಯ ಆಗುವುದು ಅಲ್ಲೇ.

ನಮ್ಮ ಗಾದೆಗಳನ್ನೇ ನೋಡಿ. ‘ಹುಟ್ಟು ಗುಣ ಸುಟ್ಟರೂ ಹೋಗದು’, ‘ಬೆಳೆಯುವ ಸಿರಿ ಮೊಳಕೆಯಲ್ಲಿ’ ಎನ್ನುವುದು ಒಂದು ಕಡೆ. ‘ಕೈ ಕೆಸರಾದರೆ ಬಾಯಿ ಮೊಸರು’, ‘ಹಾಡ್ತಾ ಹಾಡ್ತಾ ರಾಗ’ ಎನ್ನುವುದು ಇನ್ನೊಂದು ಕಡೆ. ಭಾಷೆ ಎರಡನ್ನೂ ಕೊಟ್ಟಿದೆ. ಯಾವ ಹೊತ್ತಿಗೆ ಯಾವುದನ್ನು ಎತ್ತಿಕೊಳ್ಳುತ್ತೇವೆ ಎನ್ನುವುದು ಮಾತ್ರ ನಮ್ಮದು. ನಾನು ಗಮನಿಸಿದಂತೆ, ಹಾಡು ಕಲಿಯುವ ಮಗುವಿಗೆ ಎರಡನೇ ಬಗೆಯ ಗಾದೆ ಹೇಳುವವರೇ ಲೆಕ್ಕದಲ್ಲಿ ಸೋತ ಮಗುವಿಗೆ ಮೊದಲನೇ ಬಗೆಯದ್ದು ಹೇಳುತ್ತಾರೆ.

ಹಂತ 2: ಬೇರೆ ಕಡೆಯವರು ಹೇಗೆ ಯೋಚಿಸುತ್ತಾರೆ ಎಂದು ತಿಳಿದುಕೊಳ್ಳಿ

ನಮ್ಮ ನಂಬಿಕೆ ನಮಗೆ ನಂಬಿಕೆಯ ಹಾಗೆ ಕಾಣುವುದಿಲ್ಲ, ಸತ್ಯದ ಹಾಗೆ ಕಾಣುತ್ತದೆ. ಬೇರೆಯವರದ್ದನ್ನು ನೋಡಿದಾಗ ಮಾತ್ರ ‘ಓ, ಹೀಗೂ ಯೋಚಿಸಬಹುದಲ್ವಾ’ ಅನ್ನಿಸುತ್ತದೆ.

1980ರ ದಶಕದಲ್ಲಿ ಹ್ಯಾರಲ್ಡ್ ಸ್ಟೀವನ್‌ಸನ್ ಮತ್ತು ಜೇಮ್ಸ್ ಸ್ಟಿಗ್ಲರ್ ಎಂಬ ಮನಶ್ಶಾಸ್ತ್ರಜ್ಞರು ತಮ್ಮ ಜೊತೆಗಾರರೊಂದಿಗೆ ಮೂರು ನಗರಗಳ ಒಂದನೇ ಮತ್ತು ಐದನೇ ತರಗತಿಯ ಮಕ್ಕಳನ್ನು ಹೋಲಿಸಿ ನೋಡಿದರು: ಅಮೆರಿಕದ ಮಿನಿಯಾಪೊಲಿಸ್, ಜಪಾನಿನ ಸೆಂಡಾಯ್, ತೈವಾನಿನ ತೈಪೆ. ಗಣಿತದಲ್ಲಿ ಅಮೆರಿಕದ ಮಕ್ಕಳು ಹಿಂದಿದ್ದರು. ಆದರೆ ಮಕ್ಕಳ ಓದಿನ ಬಗ್ಗೆ ಹೆಚ್ಚು ತೃಪ್ತಿ ಇದ್ದದ್ದು ಅಮೆರಿಕದ ತಾಯಂದಿರಿಗೇ. ಜಪಾನ್, ತೈವಾನಿನ ತಾಯಂದಿರು ಶ್ರಮಕ್ಕೆ ಜಾಸ್ತಿ ತೂಕ ಕೊಟ್ಟರು. ಅಮೆರಿಕದವರು ಹುಟ್ಟು ಸಾಮರ್ಥ್ಯಕ್ಕೆ ಅವರಿಗಿಂತ ಹೆಚ್ಚು ತೂಕ ಕೊಟ್ಟರು.

ಸ್ಟೀವನ್ ಹೈನೆ ಮತ್ತು ಸಂಗಡಿಗರು 2001ರಲ್ಲಿ ಪ್ರಕಟಿಸಿದ ಪ್ರಯೋಗ ಇನ್ನೂ ಕಣ್ಣು ತೆರೆಸುವಂಥದ್ದು. ವಿದ್ಯಾರ್ಥಿಗಳಿಗೆ ಒಂದು ಪದಗಳ ಒಗಟು ಕೊಟ್ಟು, ಕೆಲವರಿಗೆ ‘ಚೆನ್ನಾಗಿ ಮಾಡಿದ್ದೀರಿ’, ಕೆಲವರಿಗೆ ‘ಚೆನ್ನಾಗಿ ಆಗಲಿಲ್ಲ’ ಎಂದು ತೋರಿಸಿದರು. ಆಮೇಲೆ ಅಂಥದ್ದೇ ಇನ್ನೊಂದು ಒಗಟಿನ ಜೊತೆ ಒಬ್ಬೊಬ್ಬರನ್ನೇ ಬಿಟ್ಟು, ಎಷ್ಟು ಹೊತ್ತು ಅದರ ಮೇಲೆ ಕೂರುತ್ತಾರೆ ಎಂದು ನೋಡಿದರು. ಉತ್ತರ ಅಮೆರಿಕದವರು ಗೆದ್ದಿದ್ದರೆ ಹೆಚ್ಚು ಹೊತ್ತು ಕೂತರು, ಸೋತಿದ್ದರೆ ಬೇಗ ಬಿಟ್ಟರು. ಜಪಾನಿನವರಲ್ಲಿ ಇದು ತಿರುಗಾ ಮುರುಗಾ: ಸೋತವರೇ ಜಾಸ್ತಿ ಹೊತ್ತು ಕೂತರು. ಸೋಲು ಒಂದೇ. ಒಬ್ಬರಿಗೆ ಅದು ‘ಇದು ನಿನ್ನ ಕ್ಷೇತ್ರ ಅಲ್ಲ’ ಎಂದು ಹೇಳಿತು, ಇನ್ನೊಬ್ಬರಿಗೆ ‘ಇಲ್ಲಿ ಕೆಲಸ ಬಾಕಿ ಇದೆ’ ಎಂದು ಹೇಳಿತು.

ಭಾರತದ ಬಗ್ಗೆಯೂ ಒಂದು ಮಾತು ಇದೆ. ಅನೀತಾ ರತ್ತನ್ ಮತ್ತು ಸಂಗಡಿಗರು 2012ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ‘ಯಾರು ಬೇಕಾದರೂ ತುಂಬಾ ಬುದ್ಧಿವಂತರಾಗಬಹುದು’ ಎನ್ನುವುದನ್ನು ಅಮೆರಿಕದವರಿಗಿಂತ ಭಾರತದವರು ಹೆಚ್ಚು ಒಪ್ಪಿದರು. ಇದನ್ನು ಓದಿದಾಗ ನನಗೆ ನಿಜಕ್ಕೂ ಸಂತೋಷವಾಯಿತು. ಆ ನಂಬಿಕೆಯನ್ನು ಹೊರಗಿನಿಂದ ತರಬೇಕಾಗಿಲ್ಲ, ಮಕ್ಕಳ ಕಿವಿಗೆ ಬೀಳುವ ಹಾಗೆ ಆಡಿದರೆ ಸಾಕು.

ಇವೆಲ್ಲ ಗುಂಪಿನ ಸರಾಸರಿಗಳು ಎನ್ನುವುದು ನೆನಪಿರಲಿ. ಒಂದೇ ಊರಿನ ಎರಡು ಮನೆಗಳ ನಡುವೆಯೂ ಇಷ್ಟೇ ಅಂತರ ಇರಬಹುದು. ‘ಆ ದೇಶದವರು ಹಾಗೇ’ ಎಂದರೆ, ಅದು ‘ಇವನು ಹುಟ್ಟಿನಿಂದಲೇ ದಡ್ಡ’ ಎಂದಷ್ಟೇ ತಪ್ಪು.

ಹಂತ 3: ಹೊಗಳುವಾಗ ಮಗುವನ್ನಲ್ಲ, ಮಗು ಮಾಡಿದ್ದನ್ನು ಹೇಳಿ

ಕ್ಲಾಡಿಯಾ ಮುಲ್ಲರ್ ಮತ್ತು ಕ್ಯಾರಲ್ ಡ್ವೆಕ್ 1998ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ ಐದನೇ ತರಗತಿಯ ಮಕ್ಕಳು ಮೊದಲು ಸುಲಭದ ಒಗಟುಗಳನ್ನು ಬಿಡಿಸಿದರು. ಒಂದು ಗುಂಪಿಗೆ ‘ನೀನು ಜಾಣ’ ಎಂದರು. ಇನ್ನೊಂದಕ್ಕೆ ‘ನೀನು ಚೆನ್ನಾಗಿ ಕಷ್ಟಪಟ್ಟೆ’ ಎಂದರು. ಒಂದೇ ವಾಕ್ಯದ ವ್ಯತ್ಯಾಸ. ಮುಂದೆ ಯಾವ ಥರದ ಒಗಟು ಬೇಕು ಎಂದು ಕೇಳಿದಾಗ, ‘ಜಾಣ’ ಎನ್ನಿಸಿಕೊಂಡವರಲ್ಲಿ ಹೆಚ್ಚಿನವರು ತಮ್ಮ ಜಾಣತನಕ್ಕೆ ಧಕ್ಕೆ ಬರದ ಒಗಟನ್ನು ಆರಿಸಿಕೊಂಡರು. ಆಮೇಲೆ ಎಲ್ಲರಿಗೂ ಕಷ್ಟದ್ದು ಕೊಟ್ಟು ಸೋಲಿಸಿ, ಮತ್ತೆ ಸುಲಭದ್ದು ಕೊಟ್ಟರು. ‘ಜಾಣ’ರ ಅಂಕ ಮೊದಲಿಗಿಂತ ಇಳಿಯಿತು, ‘ಕಷ್ಟಪಟ್ಟ’ವರದ್ದು ಏರಿತು. ತಮ್ಮ ಅಂಕವನ್ನು ಗುರುತಿಲ್ಲದ ಬೇರೊಂದು ಮಗುವಿಗೆ ಬರೆದು ತಿಳಿಸಬೇಕಾದಾಗ ‘ಜಾಣ’ರಲ್ಲಿ ಹತ್ತಕ್ಕೆ ನಾಲ್ವರ ಹತ್ತಿರ ಸುಳ್ಳು ಬರೆದರು. ಬ್ಯಾಗಿನ ತಳದ ಪೇಪರ್ ನೆನಪಾಯಿತಲ್ವಾ?

ಮಾಡಬೇಕಾದ್ದು ಕಷ್ಟದ್ದೇನಲ್ಲ. "ನೀನು ಜಾಣೆ" ಎನ್ನುವ ಬದಲು "ಮೊದಲ ದಾರಿ ಸರಿ ಬರಲಿಲ್ಲ ಅಂತ ಗೊತ್ತಾದ ಕೂಡಲೇ ಇನ್ನೊಂದು ಹಿಡಿದೆ ನೋಡು, ಅದು ಇಷ್ಟ ಆಯ್ತು" ಎನ್ನಿ. ಸುಮ್ಮನೆ "ಕಷ್ಟಪಟ್ಟೆ, ಗುಡ್" ಎಂದರೆ ಸಾಲದು. ಕಷ್ಟಪಡದೇ ಮಾಡಿದ ಕೆಲಸಕ್ಕೆ ಹಾಗೆ ಹೇಳಿದರೆ ಮಕ್ಕಳಿಗೆ ತಕ್ಷಣ ಗೊತ್ತಾಗುತ್ತದೆ. ಕಣ್ಣಿಗೆ ಕಂಡದ್ದನ್ನು ಹೇಳಿ, ಕಾಣದಿದ್ದರೆ ಸುಮ್ಮನಿರಿ.

ಹಂತ 4: ಸೋತ ದಿನ ಏನು ಮಾಡುತ್ತೀರಿ ಎನ್ನುವುದನ್ನು ಈಗಲೇ ಯೋಚಿಸಿಡಿ

ಈ ಲೇಖನದಲ್ಲಿ ಒಂದೇ ಒಂದು ಹಂತ ಮಾಡಲು ನಿಮಗೆ ಸಮಯ ಇದೆ ಎಂದಾದರೆ ಇದನ್ನೇ ಮಾಡಿ.

ತಂದೆ ತಾಯಿ ‘ಬುದ್ಧಿ ಬೆಳೆಯುತ್ತದೆ’ ಎಂದು ಮನಸ್ಸಿನಲ್ಲಿ ನಂಬಿದ್ದರೂ ಮಗುವಿಗೆ ಅದು ಕಾಣುವುದಿಲ್ಲ. ಮಗುವಿಗೆ ಕಾಣುವುದು, ಕಡಿಮೆ ಮಾರ್ಕ್ಸ್ ನೋಡಿದ ಕ್ಷಣ ನಿಮ್ಮ ಮುಖ. ಕೈಲಾ ಹೈಮೊವಿಟ್ಜ್ ಮತ್ತು ಡ್ವೆಕ್ 2016ರಲ್ಲಿ ತೋರಿಸಿದ್ದು ಇದನ್ನೇ. ಬುದ್ಧಿಯ ಬಗ್ಗೆ ಹೆತ್ತವರು ಏನು ನಂಬಿದ್ದಾರೆ ಎನ್ನುವುದಕ್ಕಿಂತ, ಸೋಲನ್ನು ಅವರು ಹೇಗೆ ತೆಗೆದುಕೊಳ್ಳುತ್ತಾರೆ ಎನ್ನುವುದೇ ಮಕ್ಕಳ ನಂಬಿಕೆಗೆ ಹತ್ತಿರವಾಗಿ ಹೊಂದಿಕೊಂಡಿತ್ತು.

ಬೈಯುವುದು ಕೆಟ್ಟದ್ದು ಎಂದು ಎಲ್ಲರಿಗೂ ಗೊತ್ತು. ಆದರೆ ಸಮಾಧಾನವೂ ಕೆಲವೊಮ್ಮೆ ಬೈಗುಳದಷ್ಟೇ ನೋಯಿಸುತ್ತದೆ. "ಹೋಗಲಿ ಬಿಡು ಪುಟ್ಟಿ, ಎಲ್ಲರಿಗೂ ಲೆಕ್ಕ ಬರಲೇಬೇಕು ಅಂತ ಏನಿಲ್ಲ." ಪ್ರೀತಿಯ ಮಾತು, ನಿಜ. ಮಗುವಿಗೆ ಕೇಳಿಸುವುದು ಮಾತ್ರ, ‘ನನ್ನ ಮೇಲೆ ಅಮ್ಮನಿಗೂ ಆಸೆ ಇಲ್ಲ’ ಎಂದು.

ಹಾಗಾದರೆ ಏನು ಮಾಡುವುದು? ತಪ್ಪನ್ನೇ ಕೈಗೆತ್ತಿಕೊಳ್ಳಿ. ಒಂದು ಉದಾಹರಣೆ ಹತ್ತಿರದಿಂದ ನೋಡೋಣ. ಪೇಪರಿನಲ್ಲಿ 403ರಿಂದ 178 ಕಳೆಯಬೇಕು. ಮಗು 375 ಎಂದು ಬರೆದಿದೆ. ಕೆಂಪು ಗೀಟು ಬಿದ್ದಿದೆ, ಸೊನ್ನೆ ಮಾರ್ಕ್ಸ್. ಈಗ ಬಿಡಿಸ್ಥಾನದಿಂದ ನೋಡುತ್ತಾ ಹೋಗಿ. 3 ಮತ್ತು 8, ಅಂತರ 5. 0 ಮತ್ತು 7, ಅಂತರ 7. 4 ಮತ್ತು 1, ಅಂತರ 3. ಮಗು ಮನಸ್ಸಿಗೆ ಬಂದಂತೆ ಬರೆದಿಲ್ಲ. ಪ್ರತಿ ಸ್ಥಾನದಲ್ಲೂ ದೊಡ್ಡದರಿಂದ ಚಿಕ್ಕದನ್ನು ಕಳೆದಿದೆ. ಒಂದು ನಿಯಮವನ್ನು ತಪ್ಪದೆ ಪಾಲಿಸಿದೆ, ನಿಯಮ ಮಾತ್ರ ತಪ್ಪು. ಬಾರದೇ ಇರುವುದು ‘ಲೆಕ್ಕ’ ಅಲ್ಲ, ಸೊನ್ನೆಯನ್ನು ದಾಟಿ ದಶಕ ತರುವ ಒಂದೇ ಒಂದು ಹೆಜ್ಜೆ. "ನೀನು ಇಲ್ಲಿ ಹೇಗೆ ಯೋಚಿಸಿದೆ, ನನಗೆ ಹೇಳು" ಎಂದು ಕೇಳಿ. ಮಗು ಹೇಳುತ್ತಾ ಹೋದ ಹಾಗೆ ಆ ಹೆಜ್ಜೆ ನಿಮಗೂ ಕಾಣುತ್ತದೆ, ಅದಕ್ಕೂ ಕಾಣುತ್ತದೆ. 400ರ ಒಂದು ನೂರನ್ನು ಹತ್ತು ಹತ್ತುಗಳಾಗಿ ಬಿಡಿಸಿ, ಅದರಲ್ಲಿ ಒಂದನ್ನು ಮುಂದಿನ ಮನೆಗೆ ಕೊಟ್ಟರೆ 225 ಬರುತ್ತದೆ. ಇಪ್ಪತ್ತು ನಿಮಿಷದ ಕೆಲಸ. ‘ತಲೆ ಇಲ್ಲ’ ಎನ್ನುವ ದೊಡ್ಡ ಗೋಡೆ ಒಂದು ಸಣ್ಣ ಹೊಸ್ತಿಲಾಗಿ ಬಿಡುತ್ತದೆ.

ಇದನ್ನೇ ಇಡೀ ತರಗತಿಯ ಎದುರು ಮಾಡಬಹುದಾ? ಮೇಲೆ ಹೇಳಿದ ಸ್ಟಿಗ್ಲರ್ ಇನ್ನೂ ವಿದ್ಯಾರ್ಥಿಯಾಗಿದ್ದಾಗ, 1979ರಲ್ಲಿ, ಜಪಾನಿನ ಒಂದು ನಾಲ್ಕನೇ ತರಗತಿಯ ಹಿಂದಿನ ಸಾಲಿನಲ್ಲಿ ಕೂತು ಗಣಿತದ ಪಾಠ ನೋಡುತ್ತಿದ್ದರು. ಪುಸ್ತಕದ ಹಾಳೆಯ ಮೇಲೆ ಘನಾಕೃತಿ ಬಿಡಿಸುವುದನ್ನು ಮೇಷ್ಟ್ರು ಹೇಳಿಕೊಡುತ್ತಿದ್ದರು. ಒಬ್ಬ ಹುಡುಗನದ್ದು ಸೊಟ್ಟಗೆ ಬರುತ್ತಿತ್ತು. ಮೇಷ್ಟ್ರು ಅವನನ್ನೇ ಬೋರ್ಡಿಗೆ ಕರೆದರು. ಅವನು ಬಿಡಿಸುತ್ತಾನೆ, ಅವರು ತರಗತಿಗೆ ‘ಸರಿ ಇದೆಯಾ’ ಎಂದು ಕೇಳುತ್ತಾರೆ, ಮಕ್ಕಳು ‘ಇಲ್ಲ’ ಎಂದು ತಲೆ ಅಲ್ಲಾಡಿಸುತ್ತಾರೆ, ಅವನು ಮತ್ತೆ ಬಿಡಿಸುತ್ತಾನೆ. ಹಿಂದೆ ಕೂತ ಸ್ಟಿಗ್ಲರ್‌ಗೆ ಬೆವರು. ಹುಡುಗ ಈಗ ಅಳುತ್ತಾನೆ, ಆಗ ಅಳುತ್ತಾನೆ ಎಂಬ ಭಯ. ಅವನು ಅಳಲಿಲ್ಲ. ತರಗತಿ ಮುಗಿಯುವ ಹೊತ್ತಿಗೆ ಆಕೃತಿ ಸರಿಯಾಗಿ ಬಂತು, ಎಲ್ಲರೂ ಚಪ್ಪಾಳೆ ತಟ್ಟಿದರು.

ದಯವಿಟ್ಟು ನಾಳೆಯೇ ಹೋಗಿ ಇದನ್ನು ಮಾಡಬೇಡಿ. ತಪ್ಪು ಮಾಡಿದವರನ್ನು ನೋಡಿ ನಗುವ ತರಗತಿಯಲ್ಲಿ ಅದೇ ಬೋರ್ಡು ಶಿಕ್ಷೆಯಾಗುತ್ತದೆ. ಮೊದಲು ನೀವೇ ಬೋರ್ಡಿನ ಮೇಲೆ ಒಂದು ಲೆಕ್ಕ ತಪ್ಪಿ, ಎಲ್ಲಿ ತಪ್ಪಿತು ಎಂದು ಮಕ್ಕಳ ಜೊತೆ ಹುಡುಕಿ. ಆಮೇಲೆ ಹೆಸರು ಹೇಳದೆ ಹಳೆಯ ಪೇಪರುಗಳ ತಪ್ಪುಗಳನ್ನು ಬೋರ್ಡಿಗೆ ತನ್ನಿ. ‘ಇದು ಯಾರದ್ದು’ ಎಂದು ಕೇಳುವುದನ್ನು ಬಿಟ್ಟು ‘ಇಲ್ಲಿ ಏನಾಗಿದೆ’ ಎಂದು ಮಕ್ಕಳು ಕೇಳಲು ಶುರು ಮಾಡಿದಾಗ, ಒಪ್ಪಿದವರನ್ನು ಮಾತ್ರ ಮುಂದೆ ಕರೆಯಿರಿ.

ಹಂತ 5: ‘ಕಷ್ಟಪಡು’ ಎನ್ನುವುದಕ್ಕೆ ಒಂದು ರೂಪ ಕೊಡಿ

ಶ್ರಮವನ್ನು ನಂಬುವ ಸಮಾಜಗಳಲ್ಲಿ ಎಲ್ಲವೂ ಸರಿ ಇದೆ ಎಂದು ತಿಳಿಯಬೇಡಿ. ‘ಕಷ್ಟಪಟ್ಟರೆ ಬಂದೇ ಬರುತ್ತದೆ’ ಎಂದು ಎಲ್ಲರೂ ನಂಬಿದ ಕಡೆ, ಬಾರದ ಮಗುವಿಗೆ ಒಂದೇ ಹೆಸರು ಉಳಿಯುತ್ತದೆ: ಸೋಮಾರಿ. ‘ದಡ್ಡ’ ಹೋಗಿ ‘ಸೋಮಾರಿ’ ಬಂದರೆ ಮಗುವಿಗೆ ಏನು ಲಾಭ? ರಾತ್ರಿ ಹನ್ನೊಂದರ ತನಕ ಓದಿಯೂ ಫೇಲಾದ ಮಗುವಿಗೆ ‘ಇನ್ನೂ ಕಷ್ಟಪಡಬೇಕಿತ್ತು’ ಎನ್ನುವುದು ಎಂಥ ಕ್ರೌರ್ಯ ಎಂದು ಯೋಚಿಸಿ.

1970ರ ದಶಕದಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಬರ್ಕ್ಲಿ ಕ್ಯಾಂಪಸ್ಸಿನಲ್ಲಿ ಕಪ್ಪು ವಿದ್ಯಾರ್ಥಿಗಳಲ್ಲಿ ಬಹಳ ಜನ ಕ್ಯಾಲ್ಕುಲಸ್‌ನಲ್ಲಿ ಹಿಂದೆ ಬೀಳುತ್ತಿದ್ದರು. ಆಸಕ್ತಿ ಇಲ್ಲ, ಮನೆಯ ಬೆಂಬಲ ಇಲ್ಲ ಎಂದೆಲ್ಲ ಊಹೆಗಳಿದ್ದವು. ಅಲ್ಲಿ ಗಣಿತ ಕಲಿಸುತ್ತಿದ್ದ ಉರಿ ಟ್ರೈಸ್‌ಮನ್ ಊಹೆಗಳನ್ನು ಬಿಟ್ಟು, ವಿದ್ಯಾರ್ಥಿಗಳು ಹೇಗೆ ಓದುತ್ತಾರೆ ಎಂದು ಹತ್ತಿರದಿಂದ ನೋಡಿದರು. ಕಪ್ಪು ವಿದ್ಯಾರ್ಥಿಗಳು ಹೇಳಿದಷ್ಟು ಹೊತ್ತು ತಪ್ಪದೆ ಓದುತ್ತಿದ್ದರು, ಆದರೆ ಒಬ್ಬೊಬ್ಬರೇ. ಅದೇ ತರಗತಿಯ ಚೀನಾ ಮೂಲದ ವಿದ್ಯಾರ್ಥಿಗಳು ಒಂಟಿಯಾಗಿ ಓದಿ, ಆಮೇಲೆ ಒಟ್ಟಿಗೆ ಕೂತು ಉತ್ತರಗಳನ್ನು ಹೋಲಿಸಿ, ಒಬ್ಬರ ತಪ್ಪನ್ನು ಒಬ್ಬರು ಹಿಡಿಯುತ್ತಿದ್ದರು. ಟ್ರೈಸ್‌ಮನ್ ಹಿಂದುಳಿದವರಿಗಾಗಿ ರಿಪೇರಿ ಕ್ಲಾಸು ಮಾಡಲಿಲ್ಲ. ಕಷ್ಟದ ಲೆಕ್ಕಗಳನ್ನು ಕೊಟ್ಟು ಗುಂಪಿನಲ್ಲಿ ಕೂರಿಸಿದರು. ಫಲಿತಾಂಶ ತುಂಬಾ ಸುಧಾರಿಸಿತು. ಇಲ್ಲಿ ಕೊರತೆ ಇದ್ದದ್ದು ತಲೆಯಲ್ಲೂ ಅಲ್ಲ, ಶ್ರಮದಲ್ಲೂ ಅಲ್ಲ. ‘ಒಳ್ಳೆಯ ವಿದ್ಯಾರ್ಥಿ ಒಂಟಿಯಾಗಿ ಓದುತ್ತಾನೆ’ ಎಂಬ ಅಭ್ಯಾಸ ಅಡ್ಡ ಬಂದಿತ್ತು.

ಹಾಗಾಗಿ ‘ಎಷ್ಟು ಹೊತ್ತು ಓದಿದೆ’ ಎನ್ನುವುದನ್ನು ಬಿಟ್ಟು ‘ಹೇಗೆ ಓದಿದೆ’ ಎಂದು ಕೇಳಿ. ಗೆರೆ ಎಳೆಯುತ್ತಾ ಮತ್ತೆ ಮತ್ತೆ ಓದುವುದರಿಂದ ಸಿಗುವ ಲಾಭ ಕಡಿಮೆ. ಪುಸ್ತಕ ಮುಚ್ಚಿ ನೆನಪಿನಿಂದ ಬರೆಯುವುದು, ಇವತ್ತು ಒಂದಿಷ್ಟು, ಮೂರು ದಿನ ಬಿಟ್ಟು ಇನ್ನೊಂದಿಷ್ಟು ಎಂದು ಬಿಡಿಸಿ ಓದುವುದು, ಇವೆರಡೂ ಹೆಚ್ಚು ಉಳಿಯುತ್ತವೆ. ಇದು ಕಲಿಕೆಯ ಬಗ್ಗೆ ನಡೆದ ಸಂಶೋಧನೆಗಳಲ್ಲಿ ಮತ್ತೆ ಮತ್ತೆ ಗಟ್ಟಿಯಾಗಿರುವ ವಿಷಯ. ವಾರಕ್ಕೆ ಒಂದು ದಿನ ಇಬ್ಬರು ಮೂವರು ಗೆಳೆಯರ ಜೊತೆ ಕೂತು ಲೆಕ್ಕ ಬಿಡಿಸುವ ಹಾಗೆ ಮಾಡಿ. ಹರಟೆ ಆಗುತ್ತದೆ, ಆಗಲಿ.

ಹಂತ 6: ‘ಪ್ರತಿಭೆ’ ಎನ್ನುವ ಪದ ಯಾರಿಗೆ ಸಿಗುತ್ತಿದೆ ನೋಡಿ

ನೋಟ್‌ಬುಕ್ಕನ್ನು ಮತ್ತೆ ತೆಗೆಯಿರಿ. ‘ಚುರುಕು’, ‘ಬ್ರಿಲಿಯಂಟ್’ ಯಾರಿಗೆ ಬಳಸಿದ್ದೀರಿ? ‘ಪಾಪ, ಕಷ್ಟಪಟ್ಟು ಓದುತ್ತಾಳೆ’ ಯಾರಿಗೆ? ಲಿನ್ ಬಿಯಾನ್, ಸಾರಾ-ಜೇನ್ ಲೆಸ್ಲಿ, ಆಂಡ್ರೆ ಸಿಂಪಿಯನ್ 2017ರಲ್ಲಿ ಅಮೆರಿಕದ ಮಕ್ಕಳ ಮೇಲೆ ಮಾಡಿದ ಅಧ್ಯಯನ ಪ್ರಕಟಿಸಿದರು. ಐದು ವರ್ಷಕ್ಕೆ ಹುಡುಗರೂ ಹುಡುಗಿಯರೂ ‘ತುಂಬಾ ತುಂಬಾ ಜಾಣರು’ ಎಂದರೆ ಹುಡುಗರು ಗಂಡಸರನ್ನು, ಹುಡುಗಿಯರು ಹೆಂಗಸರನ್ನು ತೋರಿಸುತ್ತಿದ್ದರು. ಆರಕ್ಕೇ ಹುಡುಗಿಯರಲ್ಲಿ ಅದು ಇಳಿಯಲು ಶುರುವಾಗಿತ್ತು. ‘ಇದು ತುಂಬಾ ಜಾಣರ ಆಟ’ ಎಂದು ಹೇಳಿದ ಆಟದಿಂದ ಅವರು ಹಿಂದೆ ಸರಿದರು. ‘ಇದು ತುಂಬಾ ಪ್ರಯತ್ನ ಪಡುವವರ ಆಟ’ ಎಂದಾಗ ಸರಿಯಲಿಲ್ಲ. ಆರು ವರ್ಷ! ಇನ್ನೂ ಪರೀಕ್ಷೆ ಎಂದರೆ ಏನೆಂದು ಗೊತ್ತಿಲ್ಲದ ವಯಸ್ಸು. ನಿಮ್ಮ ಮಾತಿನಲ್ಲಿ ಮಗ, ಮಗಳಿಗೆ ಬೇರೆ ಬೇರೆ ಪದ ಇದ್ದರೆ ಇವತ್ತೇ ತಿದ್ದಿಕೊಳ್ಳಿ.

ಹಂತ 7: ಒಬ್ಬ ಮಗುವನ್ನಲ್ಲ, ಸುತ್ತಲಿನ ಗುಂಪನ್ನು ಬದಲಿಸಿ

ಇದು ಮೇಷ್ಟ್ರು, ಟೀಚರುಗಳಿಗೆ. ಡೇವಿಡ್ ಯೇಗರ್ ಮತ್ತು ಸಂಗಡಿಗರು 2019ರಲ್ಲಿ ಅಮೆರಿಕದ ಒಂಬತ್ತನೇ ತರಗತಿಯ ಸುಮಾರು 12,000 ಮಕ್ಕಳ ಮೇಲೆ ನಡೆಸಿದ ದೊಡ್ಡ ಪ್ರಯೋಗ ಪ್ರಕಟಿಸಿದರು. ‘ಬುದ್ಧಿ ಬೆಳೆಸಿಕೊಳ್ಳಬಹುದು’ ಎನ್ನುವ ಒಂದು ಗಂಟೆಗೂ ಕಡಿಮೆಯ ಆನ್‌ಲೈನ್ ಪಾಠ. ಹಿಂದಿದ್ದ ಮಕ್ಕಳ ಗ್ರೇಡ್ ಸರಾಸರಿ, ಸುಮಾರು 4ರ ಅಳತೆಯಲ್ಲಿ, 0.10 ಅಂಶ ಏರಿತು. ದೊಡ್ಡದಲ್ಲ, ನಿಜ. ಆದರೆ ಕಷ್ಟದ ಲೆಕ್ಕ ಆರಿಸಿಕೊಳ್ಳುವುದು ಮಾಮೂಲು ಎನ್ನುವ ವಾತಾವರಣ ಇದ್ದ ಶಾಲೆಗಳಲ್ಲಿ ಅದು ಹೆಚ್ಚು ಕೆಲಸ ಮಾಡಿತು. ಪ್ರಶ್ನೆ ಕೇಳಿದವರನ್ನು ಉಳಿದವರು ಆಡಿಕೊಳ್ಳುವ ಕಡೆ ‘ಬುದ್ಧಿ ಬೆಳೆಯುತ್ತದೆ’ ಎಂಬ ಪೋಸ್ಟರ್ ಅಂಟಿಸಿ ಪ್ರಯೋಜನವಿಲ್ಲ. ಪೇಪರ್ ಹಿಂದಿರುಗಿಸುವಾಗ ಮಾರ್ಕ್ಸನ್ನು ಜೋರಾಗಿ ಓದುವುದನ್ನು ನಿಲ್ಲಿಸಿ. ತಪ್ಪನ್ನು ತಿದ್ದಿ ಮತ್ತೆ ಕೊಟ್ಟವರಿಗೆ ಸ್ವಲ್ಪ ಅಂಕ ಕೊಡಿ. ತಿದ್ದಿದರೆ ಬೆಲೆ ಇದೆ ಎಂದು ಮಕ್ಕಳಿಗೆ ಆಗ ನಿಜವಾಗಿ ನಂಬಿಕೆ ಬರುತ್ತದೆ.

ಹಂತ 8: ನಂಬಿಕೆಯಿಂದ ಸರಿಹೋಗದ್ದನ್ನು ಬೇರೆ ಮಾಡಿ

ಬೋರ್ಡು ಸರಿಯಾಗಿ ಕಾಣದ ಮಗುವಿಗೆ ಬೇಕಾದ್ದು ಕನ್ನಡಕ. ಅಕ್ಷರಗಳು ಗೋಜಲಾಗುವ ಮಗುವಿಗೆ ಬೇಕಾದ್ದು ಡಿಸ್‌ಲೆಕ್ಸಿಯಾ ಗೊತ್ತಿರುವವರ ನೆರವು. ನಿದ್ದೆ ಸಾಲದಿರುವುದು, ಹಸಿವು, ಕಿವಿಯ ತೊಂದರೆ, ಮನೆಯಲ್ಲಿ ಆಡುವ ಭಾಷೆ ಒಂದು, ಪಾಠದ ಭಾಷೆ ಇನ್ನೊಂದು ಆಗಿರುವುದು, ಇವು ಯಾವುವೂ ‘ಮನಸ್ಸು ಮಾಡಿದರೆ’ ಹೋಗುವಂಥವಲ್ಲ. ಆರು ವಾರ ಮೇಲಿನದ್ದೆಲ್ಲ ಮಾಡಿಯೂ ಅದೇ ತಪ್ಪು ಅದೇ ರೀತಿ ಬರುತ್ತಿದ್ದರೆ, ಇನ್ನೂ ತಳ್ಳುವುದನ್ನು ನಿಲ್ಲಿಸಿ ಕಣ್ಣು, ಕಿವಿ, ಕಲಿಕೆಯ ತಪಾಸಣೆ ಮಾಡಿಸಿ.

ಆರು ವಾರದ ನಂತರ ಇನ್ನೊಮ್ಮೆ ಒಂದು ವಾರ ನೋಟ್‌ಬುಕ್ ಬರೆಯಿರಿ. ಮಾರ್ಕ್ಸ್ ಇನ್ನೂ ಏರಿರದೆ ಇರಬಹುದು. ಬೇರೆ ಗುರುತುಗಳನ್ನು ನೋಡಿ. ‘ಲೆಕ್ಕ ಬರಲ್ಲ’ ಎನ್ನುತ್ತಿದ್ದ ಮಗು ‘ಈ ಭಾಗಾಕಾರದ ಎರಡನೇ ಸಾಲು ಬರುತ್ತಿಲ್ಲ’ ಎನ್ನುತ್ತಿದೆಯಾ? ಅಳಿಸಿ ಹಾಕುವ ಬದಲು ಪಕ್ಕದಲ್ಲಿ ಇನ್ನೊಮ್ಮೆ ಮಾಡಿ ನೋಡುತ್ತಿದೆಯಾ? ಕೆಂಪು ಗೀಟು ಬಿದ್ದ ಪೇಪರನ್ನು ಬ್ಯಾಗಿನ ಮೇಲ್ಗಡೆಯೇ ಇಟ್ಟುಕೊಂಡು ಬಂದು, ನೀವು ಕೇಳುವ ಮೊದಲೇ ಮುಂದಿಟ್ಟರೆ, ಕೈಯಲ್ಲಿರುವ ಕೆಲಸ ಬಿಟ್ಟು ಅದರ ಪಕ್ಕದಲ್ಲಿ ಕೂತುಕೊಳ್ಳಿ.